ಖಾಲಿ ಮನೆಯಲ್ಲಿ ಎರಡು ಸಾವು

ಆರ್ಥರ್ ಕಾನನ್ ಡಾಯ್ಲ್‌ನ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ 1887ರಲ್ಲಿ ಬಂದ ಪತ್ತೇದಾರಿ ಕಾದಂಬರಿ. ಷರ್ಲಾಕ್ ಹೋಮ್ಸ್ ಮೊದಲು ಕಾಣಿಸಿಕೊಂಡದ್ದು ಇದರಲ್ಲೇ. ಲಂಡನ್ನಿನ ಬ್ರಿಕ್ಸ್‌ಟನ್ ರಸ್ತೆಯ ಪಕ್ಕದಲ್ಲಿ ಒಂದು ಖಾಲಿ ಮನೆ. ಒಳಗೆ ಡ್ರೆಬರ್ ಎಂಬ ಅಮೆರಿಕದ ಸಿರಿವಂತನ ಹೆಣ. ಮೈಮೇಲೆ ಗಾಯವಿಲ್ಲ, ಗೋಡೆಯ ಮೇಲೆ ರಕ್ತದಲ್ಲಿ ಬರೆದ ಒಂದು ಪದ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಇದ್ಯಾಕೆ ಅಂತ ಕೇಳಬಹುದು. ದಲಿತ ವಿಮರ್ಶೆ ಅಂದರೆ ದಲಿತರು ಬರೆದದ್ದರ ವಿಮರ್ಶೆ ಮಾತ್ರ ಎಂಬ ತಿಳುವಳಿಕೆ ನಮ್ಮ ತರಗತಿಗಳಲ್ಲಿ ಇನ್ನೂ ಇದೆ. ನನ್ನ ಪ್ರಕಾರ ಅದೊಂದು ಓದುವ ಕ್ರಮವೂ ಹೌದು. ಪಠ್ಯ ಯಾವ ಸಾವಿನ ಮುಂದೆ ನಿಲ್ಲುತ್ತದೆ, ಯಾವುದನ್ನು ದಾಟಿ ಹೋಗುತ್ತದೆ ಎಂದು ಅದು ನೋಡುತ್ತದೆ.

ಈ ಮನೆ ಖಾಲಿ ಯಾಕಿತ್ತು? ಉತ್ತರ ಕಾದಂಬರಿಯಲ್ಲೇ ಇದೆ, ಹೆಣವನ್ನು ಮೊದಲು ಕಂಡ ಬೀಟ್ ಪೊಲೀಸ್ ಜಾನ್ ರಾನ್ಸ್‌ನ ಬಾಯಲ್ಲಿ. ಮಾಲೀಕ ಚರಂಡಿ ರಿಪೇರಿ ಮಾಡಿಸುವುದಿಲ್ಲ. ಕೊನೆಗೆ ಬಾಡಿಗೆಗಿದ್ದವನು ಟೈಫಾಯ್ಡ್‌ನಿಂದ ಸತ್ತ. ಕಿಟಕಿಯಲ್ಲಿ ಬೆಳಕು ಕಂಡಾಗ ರಾನ್ಸ್‌ಗೆ ಭಯವಾದದ್ದು ಕೊಲೆಗಾರನದ್ದಲ್ಲ. ಸತ್ತ ಬಾಡಿಗೆದಾರನೇ ತನ್ನನ್ನು ಕೊಂದ ಚರಂಡಿಯನ್ನು ಪರೀಕ್ಷಿಸಲು ಬಂದನೇನೋ ಅಂತ!

ಹೋಮ್ಸ್ ಇದನ್ನು ಕೇಳಿಸಿಕೊಳ್ಳುತ್ತಾನೆ, ಅಷ್ಟೆ. ಅವನ ಮುಂದಿನ ಪ್ರಶ್ನೆ ಬೀದಿಯಲ್ಲಿ ಯಾರಿದ್ದರು ಎಂಬುದು. ನೆಲದ ಮೇಲಿನ ಬೂದಿ ನೋಡಿ ಅದು ನಮ್ಮ ಪಕ್ಕದ ತಿರುಚಿರಾಪಳ್ಳಿಯ ಚುಟ್ಟದ್ದು ಅಂತ ಹೇಳಬಲ್ಲವನಿಗೆ ಮೊದಲ ಸಾವು ಪ್ರಕರಣವೇ ಅಲ್ಲ. ಡಾಯ್ಲ್ ಸ್ವತಃ ವೈದ್ಯ. ಟೈಫಾಯ್ಡ್ ಮಲ ಸೇರಿದ ನೀರಿನಿಂದ ಬರುತ್ತದೆ ಎಂಬುದು ಆ ಹೊತ್ತಿಗೆ ವೈದ್ಯರಿಗೆ ಗೊತ್ತಿದ್ದ ವಿಷಯ. ಆದ್ದರಿಂದಲೇ ಪೇದೆಯ ಮಾತು ಬರಿಯ ತಮಾಷೆ ಅಂತ ನನಗನ್ನಿಸುವುದಿಲ್ಲ.

ಕೊಲೆಗಾರ ಕುದುರೆಗಾಡಿ ಹೊಡೆಯುವವನು. ವಾರಕ್ಕಿಷ್ಟು ಅಂತ ಗಾಡಿ ಮಾಲೀಕನಿಗೆ ಕಟ್ಟಿ ಉಳಿದದ್ದರಲ್ಲಿ ಬದುಕುವವನು. ಊರೆಲ್ಲ ತಿರುಗಿದರೂ ಯಾರೂ ಅವನನ್ನು ಅನುಮಾನಿಸುವುದಿಲ್ಲ. ದುಡಿಯುವವರು ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಡಾಯ್ಲ್ ಕಥೆಯ ಕೀಲಿಯಾಗಿ ಬಳಸಿಕೊಂಡ.

‘ಎಲ್ಲದರಲ್ಲೂ ಜಾತಿ ಹುಡುಕ್ತೀರಲ್ಲ’ ಅನ್ನುವವರಿದ್ದಾರೆ. ಇಲ್ಲಿ ಜಾತಿ ಇಲ್ಲ, ವರ್ಗವಿದೆ. ಲಂಡನ್ನಿನ ಚರಂಡಿ ಕೆಲಸ ಬಡವರ ಪಾಲಿಗೆ ಬಂತು, ಒಂದು ಜಾತಿಯ ಹುಟ್ಟಿಗೆ ಅಂಟಿಕೊಳ್ಳಲಿಲ್ಲ. ಕಾದಂಬರಿಯ ಮಾಲೀಕ ಚರಂಡಿ ಹಾಗೇ ಬಿಟ್ಟ, ಮನೆ ಖಾಲಿ ಬಿತ್ತು. ನಮ್ಮಲ್ಲಿ ಮನೆ ಖಾಲಿ ಬೀಳುವುದಿಲ್ಲ. ಗುಂಡಿಗೆ ಒಬ್ಬನನ್ನು ಇಳಿಸುತ್ತಾರೆ. ಮಲ ಹೊರುವ ಕೆಲಸವನ್ನೂ, ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದಿತು, 2023ರಲ್ಲಿ 30 ಲಕ್ಷ ಎಂದಿತು. ಸಾವು ನಿಂತಿಲ್ಲ.

ಪತ್ರಿಕೆಗಳು ಅದನ್ನು ಬರೆಯುವ ವ್ಯಾಕರಣ ಗಮನಿಸಿ: ‘ಉಸಿರುಗಟ್ಟಿ ಸಾವು’. ಕರ್ತೃವೇ ಇಲ್ಲ. ರಾನ್ಸ್‌ನ ಮಾತಿನಲ್ಲಿ ಮಾಲೀಕ ಇದ್ದಾನೆ, ಅವನು ಮಾಡದೆ ಬಿಟ್ಟ ಕೆಲಸವೂ ಇದೆ. ಈಚೆಗೆ ನಾನು ವಿದ್ಯಾರ್ಥಿಗಳಿಗೆ ಈ ಕಾದಂಬರಿಯ ಜೊತೆಗೆ ಅಂಥ ಮೂರು ಸಾಲಿನ ಸುದ್ದಿಯನ್ನೂ ಕೊಡುತ್ತಿದ್ದೇನೆ. ಕರೆದವರು ಯಾರು, ಗುತ್ತಿಗೆ ಯಾರದು, ಮುಚ್ಚಳ ತೆಗೆದವರು ಯಾರು ಅಂತ ಹುಡುಕಿ ಬರೆಯಲು ಹೇಳುತ್ತೇನೆ.