ಶಿವಡಿಗೆ ಹೊರಡುವ ಮುನ್ನ ಉಬ್ಬರದ ಲೆಕ್ಕ ಹಾಕಿ

ಯುಗಾದಿ ಹತ್ತಿರ ಬಂತೆಂದರೆ ನಾವು ಮುಂಬೈಯವರು ಮಾವಿನೆಲೆ, ಬೇವಿನ ಹೂ ಹುಡುಕಿಕೊಂಡು ಮಾಟುಂಗಾ ಮಾರ್ಕೆಟ್ಟಿಗೆ ಹೋಗುತ್ತೇವೆ. ವಸಂತ ಬಂದದ್ದನ್ನು ಕಣ್ಣಾರೆ ನೋಡಬೇಕೆಂದರೆ ಹಾರ್ಬರ್ ಲೈನಿನ ಶಿವಡಿಯಲ್ಲಿ ಇಳಿಯಿರಿ. ಸ್ಟೇಷನ್ನಿನಿಂದ ಪೂರ್ವಕ್ಕೆ ಹೋದರೆ ಹಳೆಯ ಜೆಟ್ಟಿ, ಅದರಾಚೆ ಠಾಣೆ ಖಾರಿಯ ಕೆಸರು ಬಯಲು. 2024ರಲ್ಲಿ ತೆರೆದ ಅಟಲ್ ಸೇತು ಶುರುವಾಗುವುದೂ ಇಲ್ಲಿಂದಲೇ.

ಇಲ್ಲಿ ಎಲ್ಲರೂ ನೋಡುವುದು ರಾಜಹಂಸ, ಅಂದರೆ ಫ್ಲೆಮಿಂಗೋ. ಕಛ್‌ನ ರಣದಲ್ಲಿ ಮರಿ ಮಾಡುವ ಈ ಹಕ್ಕಿಗಳು 1990ರ ದಶಕದಿಂದ ದೊಡ್ಡ ಸಂಖ್ಯೆಯಲ್ಲಿ ಬರುತ್ತಿವೆ. ಮಳೆ ಬೀಳುವ ತನಕ ಇರುತ್ತವೆ. ಆದರೆ ಅವುಗಳ ಕಾಲ ಬುಡದಲ್ಲಿ ಓಡಾಡುವ ಪುಟ್ಟ ಹಕ್ಕಿಗಳನ್ನು ಗಮನಿಸಿದವರು ಕಡಿಮೆ. ನನ್ನ ಮಟ್ಟಿಗೆ ನಿಜವಾದ ವಸಂತ ಅಲ್ಲಿದೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಜನವರಿಯಲ್ಲಿ ಬೂದಿ ಬಣ್ಣದ, ಯಾರೂ ತಿರುಗಿ ನೋಡದ ಹಕ್ಕಿ. ಏಪ್ರಿಲ್ ಹೊತ್ತಿಗೆ ಅದರ ಎದೆ, ಹೊಟ್ಟೆ ಇಟ್ಟಿಗೆಗೆಂಪಾಗಿರುತ್ತದೆ. ಗಾಡ್‌ವಿಟ್‌ನ ಕತ್ತಿಗೂ ಕಾವಿ ಬಣ್ಣ ಏರುತ್ತದೆ. ಇದು ಮದುವೆಯ ಉಡುಪು. ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಮದುವೆ ಮಾತ್ರ ಸೈಬೀರಿಯಾದ ಉತ್ತರ ತುದಿಯಲ್ಲಿ. ಹೊರಡುವ ಮುನ್ನ ಇವು ಹುಳು, ಪುಟ್ಟ ಏಡಿಗಳನ್ನು ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ. ದಾರಿಖರ್ಚು ಅದೇ.

ಭಾನುವಾರ ಹೋಗಿ ಏನೂ ಕಾಣದೆ ಬರುವವರು ಬಹಳ. ಕಾರಣ ಸಮುದ್ರದ ಗಡಿಯಾರ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿನಲ್ಲಿ ಚುಕ್ಕಿಗಳಂತೆ ಇರುತ್ತವೆ. ಪೂರ್ತಿ ಉಬ್ಬರದಲ್ಲಿ ಕೆಸರೇ ಮುಳುಗಿರುತ್ತದೆ. ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲು ಹೋಗಿ ನಿಂತರೆ ಏರುವ ನೀರೇ ಅವನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ವಾರಕ್ಕೆ ಹತ್ತಿರ ಹತ್ತಿರ 6 ಗಂಟೆ. ಹಾಗಾಗಿ ಈ ಭಾನುವಾರ ಬೆಳಿಗ್ಗೆ 10ಕ್ಕೆ ಉಬ್ಬರವಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿತ. ಅದರಾಚೆಯ ಭಾನುವಾರ ಮತ್ತೆ ಉಬ್ಬರ. ರಜೆ ಸಿಗುವುದೇ ವಾರಕ್ಕೊಂದು ದಿನ ಅನ್ನುವವರು ಒಂದು ಭಾನುವಾರ ಬಿಟ್ಟು ಇನ್ನೊಂದು ಅಂತ ನೆನಪಿಟ್ಟುಕೊಳ್ಳಿ. ಕರಾವಳಿಯಿಂದ ಬಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಬಿಡಿ.

ಕೆಸರು ಮುಳುಗಿದ ಮೇಲೆ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ? ನೀರು ಇಳಿಯುವ ತನಕ ನಿಂತು ದಣಿವಾರಿಸಿಕೊಳ್ಳಲು ಆಳವಿಲ್ಲದ ಕೆರೆ, ಹಳೆಯ ಉಪ್ಪಿನಗದ್ದೆ ಬೇಕು. ನವಿ ಮುಂಬೈಯ ಸೀವುಡ್ಸ್, ನೆರೂಲ್ ಸುತ್ತಿನ ಜೌಗು ಜಾಗಗಳು ಅಂಥವು. ಖಾರಿಗೆ 2015ರಲ್ಲಿ ಅಭಯಾರಣ್ಯದ ಹೆಸರು ಬಂತು, 2022ರಲ್ಲಿ ರಾಮ್ಸಾರ್ ಪಟ್ಟಿಯಲ್ಲೂ ಜಾಗ ಸಿಕ್ಕಿತು. ಊಟದ ಕೋಣೆಗೆ ಕಾವಲು ಸಿಕ್ಕಿದೆ, ಮಲಗುವ ಕೋಣೆಯ ಮೇಲೆ ಮಾತ್ರ ಕಟ್ಟಡದವರ ಕಣ್ಣು. ವಿಶ್ರಾಂತಿಯ ಜಾಗ ತಪ್ಪಿದ ಹಕ್ಕಿ ಹಾರುತ್ತಲೇ ಇರಬೇಕು. ಕೂಡಿಸಿಟ್ಟ ಕೊಬ್ಬು ಇಲ್ಲೇ ಕರಗಿದರೆ ಸೈಬೀರಿಯಾ ದೂರವೇ ಉಳಿಯುತ್ತದೆ. 2024ರ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಫ್ಲೆಮಿಂಗೋಗಳು ಸತ್ತಾಗ ಈ ಪ್ರಶ್ನೆ ಮತ್ತೆ ಎದ್ದಿತ್ತು.

ಊರಿಗೆ ಹೋಗುವವರಿಗೆ ಒಂದು ಮಾತು: ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ರಜೆಯಲ್ಲಿ ಕುಮಟಾ ಕಡೆ ಹೋದರೆ ಅಲ್ಲೂ ಇದೇ ಲೆಕ್ಕ ಹಾಕಿ ನೋಡಿ.

ಶಿವಡಿಗೆ ಬೈನಾಕ್ಯುಲರ್, ಟೋಪಿ, ನೀರು ಸಾಕು. ಕೆಸರಿಗೆ ಇಳಿಯಬೇಡಿ, ಕಾಲು ಹೂತುಹೋಗುತ್ತದೆ. ಮೇ ಮುಗಿಯುವಷ್ಟರಲ್ಲಿ ಕೆಂಪೆದೆಯವು ಹೊರಟಿರುತ್ತವೆ. ಜೂನ್ ಮಳೆಯಲ್ಲೂ ಕೆಲವು ಬೂದು ಹಕ್ಕಿಗಳು ಅಲ್ಲೇ ಕಂಡರೆ ಗಾಬರಿ ಬೇಡ. ಅವು ಕಳೆದ ವರ್ಷದ ಮರಿಗಳು, ಮದುವೆಯ ವಯಸ್ಸು ಇನ್ನೂ ಬಂದಿಲ್ಲ.