ಸೇವೆಯ ಪತ್ರ ಕೇಳಲು ಬರುವ ಮುನ್ನ

ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಜುಮಾ ನಮಾಝ್ ಬಳಿಕ ಕೆಲವು ಹೆತ್ತವರು ನಮಗಾಗಿ ಕಾಯುತ್ತಾರೆ. ಈ ಬಾರಿ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದಿದ್ದರು. “ಉಸ್ತಾದ್, ಇವನು ಎರಡು ವರ್ಷ ಮಸೀದಿಯಲ್ಲಿ ಸಮಾಜಸೇವೆ ಮಾಡಿದ್ದಾನೆಂದು ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ. ಕಾಲೇಜಿನ ಅರ್ಜಿಗೆ ಬೇಕಂತೆ” ಎಂದರು. ಹುಡುಗ ರಮಝಾನ್‌ನಲ್ಲಿ ಮೂರು ದಿನ ಇಫ್ತಾರ್‌ಗೆ ನೀರು, ಖರ್ಜೂರ ಹಂಚಿದ್ದು ನಮಗೆ ಗೊತ್ತಿತ್ತು. ಎರಡು ವರ್ಷದ ಸೇವೆ ಗೊತ್ತಿರಲಿಲ್ಲ. ನಾವು ಬರೆಯಲಿಲ್ಲ. ತಂದೆಗೆ ಬೇಸರವಾಯಿತು. ಕಳೆದ ಖುತ್‌ಬಾದಲ್ಲಿ ಇದೇ ವಿಷಯವನ್ನು ಎತ್ತಿಕೊಂಡಿದ್ದೆವು, ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಸೇವೆಯ ಪತ್ರ ಎಲ್ಲ ಕಡೆ ನಡೆಯುವುದಿಲ್ಲ. ನಮ್ಮ ರಾಜ್ಯದಲ್ಲಿ ಸಿಇಟಿ ಮೂಲಕ ಇಂಜಿನಿಯರಿಂಗ್ ಸೇರುವವರ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿ ಅಂಕ. ಎಂಬಿಬಿಎಸ್‌ಗೆ ನೀಟ್ ಅಂಕ. ಅಲ್ಲಿ ರಕ್ತದಾನ ಶಿಬಿರದ ಹತ್ತು ಪ್ರಮಾಣಪತ್ರಗಳಿದ್ದರೂ ಒಂದು ರ‍್ಯಾಂಕ್ ಕೂಡ ಮೇಲೇರದು. ಓದುವ ಹೊತ್ತಿನಲ್ಲಿ ಓದಲಿ.

ಆದರೆ ವಿದ್ಯಾರ್ಥಿಯನ್ನು ಕೂರಿಸಿ ಮಾತಾಡಿಸುವ ಸಂಸ್ಥೆಗಳೂ ಇವೆ. ಬೆಂಗಳೂರಿನ ಅಝೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನವೂ ಇರುತ್ತದೆ. ಅಮೆರಿಕದ ನೂರಾರು ಕಾಲೇಜುಗಳು ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿಯನ್ನು ಸ್ವೀಕರಿಸುತ್ತವೆ. ಅದರಲ್ಲಿ ಓದಿನಾಚೆಗಿನ ಚಟುವಟಿಕೆಗಳಿಗೆ 10 ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಕೇಳುತ್ತಾರೆ. ಒಂದು ದಿನ ಪೊರಕೆ ಹಿಡಿದು ತೆಗೆಸಿಕೊಂಡ ಫೋಟೋ ಈ ಪ್ರಶ್ನೆಗೆ ಉತ್ತರವಾಗದು. ನಮ್ಮ ಕಾಲೇಜುಗಳ ಎನ್‌ಎಸ್‌ಎಸ್‌ನಲ್ಲೂ ಲೆಕ್ಕ ಗಂಟೆಗಳದ್ದೇ: ವರ್ಷಕ್ಕೆ 120, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನಗಳ ಶಿಬಿರ.

ತಂದೆ ಅಂಗಳಕ್ಕೆ ಹೋದ ಮೇಲೆ ಹುಡುಗನನ್ನು ಪಕ್ಕಕ್ಕೆ ಕೂರಿಸಿ, “ನೀನು ಭಾನುವಾರ ಏನು ಮಾಡುತ್ತೀ?” ಎಂದು ಕೇಳಿದೆವು. ಮೊದಲು “ಏನೂ ಇಲ್ಲ ಉಸ್ತಾದ್” ಎಂದ. ಆಮೇಲೆ ಮೆಲ್ಲನೆ ಬಾಯಿಬಿಟ್ಟ. ಪ್ರಥಮ ಪಿಯುಸಿಯಿಂದಲೂ ಕೇರಿಯ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ತನ್ನ ಮೊಬೈಲಿನಿಂದಲೇ ತುಂಬಿಸುತ್ತಿದ್ದನಂತೆ. ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತವರ ತಾಯಂದಿರ ಜೊತೆ ಬ್ಯಾಂಕಿಗೂ ಹೋಗಿದ್ದಾನೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಯಾವುದನ್ನು ಮೊದಲು ತಿದ್ದಿಸಬೇಕೆಂದು ಅವನು ಬಾಯಿಪಾಠದಂತೆ ಹೇಳಿದ. ನಮಗೇ ಅದು ಗೊತ್ತಿರಲಿಲ್ಲ! ಎಷ್ಟು ಮಕ್ಕಳಿಗೆ ಎಂದರೆ ಮೊಬೈಲಿನಲ್ಲಿದ್ದ ರಸೀದಿಗಳನ್ನು ಎಣಿಸಿ ಇಪ್ಪತ್ತಮೂರು ಎಂದ. ಇದು ಸೇವೆ ಎಂದು ಅವನಿಗೂ ಹೊಳೆದಿರಲಿಲ್ಲ, ಅವನ ತಂದೆಗೂ ಹೊಳೆದಿರಲಿಲ್ಲ.

ಸಂದರ್ಶಕರು ಹುಡುಕುವುದು ಇದನ್ನೇ. ಎಷ್ಟು ಕಾಲ ಮಾಡಿದೆ, ನಿನ್ನ ಮೇಲೆ ಯಾವ ಹೊಣೆ ಇತ್ತು, ಎಲ್ಲಿ ಎಡವಿದೆ, ಏನು ಕಲಿತೆ. ಮಾಡಿದವನು ತಡವರಿಸಿಯಾದರೂ ಹೇಳುತ್ತಾನೆ. ಮಾಡದವನು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಆದ್ದರಿಂದ ಪ್ರಥಮ ಪಿಯುಸಿಯಲ್ಲಿರುವ ಮಕ್ಕಳು ಒಂದೇ ಕೆಲಸ ಹಿಡಿಯಲಿ. ಮದ್ರಸಾದ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುವುದಾದರೂ ಸರಿ. ದಿನಾಂಕ, ಗಂಟೆ, ಮಾಡಿದ ಕೆಲಸವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ನೆರವು ಪಡೆದವರ ಹೆಸರು, ಫೋಟೋ ಮಾತ್ರ ಅರ್ಜಿಯಲ್ಲಿ ಬೇಡ, ಅದು ಅವರ ಮಾನ.

“ಹೀಗೆ ಬರೆದುಕೊಳ್ಳುವುದು ರಿಯಾ ಅಲ್ಲವೇ?” ಎಂದು ಖುತ್‌ಬಾದ ನಂತರ ಒಬ್ಬ ತರುಣ ಕೇಳಿದ. ಒಳ್ಳೆಯ ಪ್ರಶ್ನೆ. ಜನರು ಹೊಗಳಲೆಂದೇ ಮಾಡುವುದು ರಿಯಾ. ಕೇಳಿದವರಿಗೆ ನಡೆದದ್ದನ್ನು ನಡೆದಷ್ಟೇ ಹೇಳುವುದು ರಿಯಾ ಅಲ್ಲ. ಆದರೂ ನಿಯ್ಯತ್ ಜಾರುತ್ತಿರುತ್ತದೆ, ನಮ್ಮದೂ ಜಾರುತ್ತದೆ. ಸೀಟು ಸಿಕ್ಕ ಮರುದಿನವೇ ಕೆಲಸ ನಿಂತರೆ ಯಾರಿಗಾಗಿ ಮಾಡಿದ್ದೆಂದು ಅವರವರಿಗೇ ತಿಳಿಯುತ್ತದೆ. ಇನ್ನು ಮಸೀದಿಯ ಪತ್ರವೆಂದರೆ ಸಾಕ್ಷ್ಯ. ಸುಳ್ಳು ಸಾಕ್ಷ್ಯವನ್ನು ಪ್ರವಾದಿಯವರು(ಸ) ಮಹಾಪಾಪಗಳಲ್ಲಿ ಎಣಿಸಿದ್ದಾರೆ. ಮೇಲಾಗಿ ಒಮ್ಮೆ ಸುಳ್ಳು ಬಯಲಾದರೆ, ಅದೇ ಲೆಟರ್‌ಹೆಡ್‌ನಲ್ಲಿ ನಿಜವಾದ ಪತ್ರ ತರುವ ಮುಂದಿನ ಮಗುವನ್ನು ಯಾರು ನಂಬುತ್ತಾರೆ?

ಆ ಹುಡುಗ ಹೇಳಿದ ಮೂರು ಮನೆಗಳಿಗೆ ನಾವೇ ಹೋಗಿ ವಿಚಾರಿಸಿದೆವು. ಮರುವಾರ ಪತ್ರ ಬರೆದೆವು: ವಿದ್ಯಾರ್ಥಿವೇತನದ ಕೆಲಸ, ಅವಧಿ, ನಾವು ವಿಚಾರಿಸಿ ಖಚಿತಪಡಿಸಿಕೊಂಡದ್ದು, ಇಫ್ತಾರ್‌ನ ಮೂರು ದಿನ. ಅರ್ಧ ಪುಟವೂ ಆಗಲಿಲ್ಲ. ತಂದೆ ಓದಿ, “ಇಷ್ಟೇನಾ ಉಸ್ತಾದ್?” ಎಂದರು. ಹುಡುಗ ಅದನ್ನು ಮತ್ತೊಮ್ಮೆ ಓದಿ, ಮಡಚದೆ ಫೈಲಿನೊಳಗೆ ಇಟ್ಟುಕೊಂಡ.