ಕೈಯಲ್ಲಿ ಕಾರ್ಡಿದೆ, ಪಟ್ಟಿಯಲ್ಲಿ ಹೆಸರಿದೆಯೇ?

ಚುನಾವಣೆ ಹತ್ತಿರ ಬಂದಾಗಲೆಲ್ಲ ಒಂದು ವಾಟ್ಸ್‌ಆ್ಯಪ್ ಸಂದೇಶ ಎದ್ದು ಕೂರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವೇ? ಆಧಾರ್ ತೋರಿಸಿ, ಸೆಕ್ಷನ್ 49ಎ ಪ್ರಕಾರ ‘ಚಾಲೆಂಜ್ ವೋಟ್’ ಕೇಳಿ, ಹಾಕಲು ಬಿಡಲೇಬೇಕು! ಇದು ಶುದ್ಧ ಸುಳ್ಳು. ಚುನಾವಣಾ ಆಯೋಗವೂ ಹಾಗೆಂದು ಹೇಳಿದೆ. ಆದರೂ ಓದಿದವರೇ ಇದನ್ನು ಫಾರ್ವರ್ಡ್ ಮಾಡುತ್ತಾರೆ.

1961ರ ಚುನಾವಣಾ ನಿಯಮಗಳನ್ನು ತೆರೆದು ನೋಡಿ. 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ‘ಚಾಲೆಂಜ್’ ಬರುವುದು 49ಜೆಯಲ್ಲಿ, ಅದು ಮತದಾರನ ಹಕ್ಕೇ ಅಲ್ಲ. ಬಂದವನು ಅಸಲಿ ವ್ಯಕ್ತಿಯಲ್ಲ ಎಂದು ಪೋಲಿಂಗ್ ಏಜೆಂಟ್ ತಕರಾರು ಎತ್ತುವುದಕ್ಕೆ ಇರುವ ದಾರಿ ಅದು. ಅದಕ್ಕೆ ಏಜೆಂಟ್ ಎರಡು ರೂಪಾಯಿ ಠೇವಣಿ ಇಡಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ತಾನೆ ತಕರಾರು? 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಂ ನೇರವಾಗಿದೆ: ಪಟ್ಟಿಯಲ್ಲಿ ಇಲ್ಲದವರಿಗೆ ಮತವಿಲ್ಲ. ಮತದಾರರ ಕಾರ್ಡು, ಆಧಾರ್ ಗುರುತಿಗೆ ಮಾತ್ರ.

ಅದೇ ಸಂದೇಶದ ಬಾಲದಲ್ಲಿ, ಟೆಂಡರ್ ವೋಟು ಶೇ 14 ದಾಟಿದರೆ ಮರುಮತದಾನ ಎಂದಿರುತ್ತದೆ. ಅಂಥ ನಿಯಮವೇ ಇಲ್ಲ. ನಿಮ್ಮ ಹೆಸರಿನಲ್ಲಿ ಬೇರೊಬ್ಬರು ಮತ ಹಾಕಿ ಹೋಗಿದ್ದರೆ 49ಪಿ ಪ್ರಕಾರ ಕಾಗದದ ಮತಪತ್ರ ಕೊಡುತ್ತಾರೆ, ನಿಜ; ಅದೇ ಟೆಂಡರ್ ವೋಟು. ಆದರೆ ಅದನ್ನು ಲಕೋಟೆಯಲ್ಲಿ ಬೇರೆ ಇಡುತ್ತಾರೆ, ಎಣಿಕೆಯ ದಿನ ಎಣಿಸುವುದಿಲ್ಲ.

ಸೆಕ್ಷನ್ ನಂಬರ್ ಒಂದಿದ್ದರೆ ಸಾಕು, ಜನ ಅದನ್ನು ಕಾನೂನು ಎಂದೇ ನಂಬುತ್ತಾರೆ. ಆ ನಂಬರಿನ ಕೆಳಗೆ ಏನು ಬರೆದಿದೆ ಎಂದು ಯಾರೂ ನೋಡುವುದಿಲ್ಲ. ಇದು ನನ್ನನ್ನು ರೇಗಿಸುತ್ತದೆ, ಯಾಕೆಂದರೆ ಪೆಟ್ಟು ತಿನ್ನುವವರು ಕೂಲಿಗೆ ಬೆಂಗಳೂರಿಗೆ ಹೋಗಿ ಮತದಾನಕ್ಕೆಂದು ಬಸ್ಸು ಹತ್ತಿ ಊರಿಗೆ ಬರುವ ಪಾವಗಡ, ಶಿರಾ ಕಡೆಯ ಮಂದಿ. ಬೆಂಗಳೂರಿನ ವಿಳಾಸಕ್ಕೆ ಹೆಸರು ವರ್ಗವಾಗಿದ್ದರೆ ಊರಿನ ಪಟ್ಟಿಯಿಂದ ತೆಗೆದುಹಾಕಿರುತ್ತಾರೆ. ಹಳೇ ಕಾರ್ಡು ಮಾತ್ರ ಕೈಯಲ್ಲೇ ಉಳಿದಿರುತ್ತದೆ. ಒಂದು ಮತವೆಂದರೆ ಎಷ್ಟು ಎನ್ನುವವರು 2004ರ ವಿಧಾನಸಭೆ ಚುನಾವಣೆಯ ಸಂತೇಮರಹಳ್ಳಿ ಕ್ಷೇತ್ರವನ್ನು ನೆನಪಿಸಿಕೊಳ್ಳಲಿ: ಎ.ಆರ್. ಕೃಷ್ಣಮೂರ್ತಿ ಅಲ್ಲಿ ಸೋತದ್ದು ಒಂದೇ ಮತದಿಂದ.

1950ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಊರಿನ ಪಟ್ಟಿಯೇ ಬರುತ್ತದೆ, ಹೆಸರೂ ಸೇರುತ್ತದೆ ಎಂಬ ಮಾತೂ ಇದೆ. ಎರಡೂ ಸುಳ್ಳು. ಇಸಿಐ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಕಾರ್ಡಿನ ನಂಬರ್ ಹಾಕಿ ಕಳಿಸಿದರೆ ನಿಮ್ಮೊಬ್ಬರ ವಿವರ ಬರುತ್ತದೆ, ಅಷ್ಟೇ. ಇಡೀ ಪಟ್ಟಿ ಬೇಕಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಭಾಗವಾರು ಸಿಗುತ್ತದೆ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಹತ್ತಿರವೂ ಇರುತ್ತದೆ. ಹೊಸದಾಗಿ ಸೇರಲು ನಮೂನೆ 6, ವಿಳಾಸ ಬದಲಾವಣೆಗೆ ಮತ್ತು ತಿದ್ದುಪಡಿಗೆ ನಮೂನೆ 8. ಕಳೆದ ಸಲ ಮತ ಹಾಕಿದ್ದೆ, ಈ ಸಲವೂ ಹೆಸರು ಇದ್ದೇ ಇರುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ನಾಮಪತ್ರದ ಕಡೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ಮಧುಗಿರಿ, ಕೊರಟಗೆರೆ ಸೇರಿದ ತುಮಕೂರಿಗೂ ಶಿರಾ, ಪಾವಗಡ ಸೇರಿದ ಚಿತ್ರದುರ್ಗಕ್ಕೂ ಆ ದಿನ ಏಪ್ರಿಲ್ 4, ಮತದಾನ ಏಪ್ರಿಲ್ 26. ಮುಂದಿನ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಈ ವಾರವೇ ನಿಮ್ಮ ಹೆಸರು ನೋಡಿಕೊಳ್ಳಿ, ಮನೆಯ ಹಿರಿಯರದ್ದನ್ನೂ ನೋಡಿ.